ಪದ್ಮಲೆಯ ಎದೆಬಡಿತ

ಹಿರೇಮಡು ಸೀಮೆಯ ಊರೂರಲ್ಲಿ ಡಂಗುರ ಸಾರಿದರು: "ಅರಸು ಬೊಪ್ಪದೇವರ ಮಗಳು ಪದ್ಮಲೆಗೆ ಎದೆ ಹೊಡೆದುಕೊಳ್ಳುವ ಕಾಯಿಲೆ. ಕಾರಣ ಯಾರಿಗೂ ತಿಳಿದಿಲ್ಲ. ಇನ್ನು ಮುಂದೆ ಅವಳ ಕೈನಾಡಿ ಮುಟ್ಟುವವರು ಮೊದಲು ಅವಳ ಮೂರು ಒಗಟು ಬಿಡಿಸಬೇಕು. ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ, ತಪ್ಪಿದವರ ತಲೆ ಹೋಗುತ್ತದೆ."

ಒಗಟು ಮಗಳದು. ತಲೆಯ ಮಾತು ಅಪ್ಪನದು.

ಪದ್ಮಲೆ ಬೆಳೆದ ಮಗಳು. ತಾಯಿ ತೀರಿಕೊಂಡ ಮೇಲೆ ಅರಮನೆಯ ಯಜಮಾನಿಕೆಯನ್ನೆಲ್ಲ ಅವಳೇ ನೋಡಿಕೊಳ್ಳುತ್ತಿದ್ದಳು. ಒಂದು ದಿನ ಕಣಜದ ಮುಂದೆ ನಿಂತಿದ್ದಾಗ ಇದ್ದಕ್ಕಿದ್ದಂತೆ ಅವಳ ಎದೆ ಡವಡವ ಓಡತೊಡಗಿತು. ಕಣ್ಣು ಕತ್ತಲಿಟ್ಟು ಗೋಡೆ ಹಿಡಿದುಕೊಂಡಳು. ಅಪ್ಪನ ಬಳಿ ಹೋಗಿ ಹೇಳಿಕೊಂಡರೆ, ಬೇಟೆಗೆ ಹೊರಟಿದ್ದ ಅವನು ಏನೂ ಇಲ್ಲ, ಮಜ್ಜಿಗೆ ಕುಡಿದು ಮಲಗು ಎಂದು ಕುದುರೆ ಹತ್ತಿದ. ಅದು ಮತ್ತೆ ಬಂತು, ಮತ್ತೆ ಮತ್ತೆ ಬಂತು. ವೈದ್ಯರನ್ನು ಕರೆತರುವಷ್ಟರಲ್ಲಿ ಎದೆ ತಣ್ಣಗಾಗಿರುತ್ತಿತ್ತು. ಒಬ್ಬ ವಾತವೆಂದ, ಇನ್ನೊಬ್ಬ ದೃಷ್ಟಿಯೆಂದ, ಮತ್ತೊಬ್ಬ ಮದುವೆ ಮಾಡಿ ಎಂದ; ಏನೂ ಇಲ್ಲವೆಂದೇ ಎಲ್ಲರೂ ಎದ್ದುಹೋದರು. ಒಬ್ಬ ಮಂತ್ರವಾದಿ ಅವಳ ತೋಳಿಗೆ ಬರೆ ಹಾಕಿದ. ಅಂದಿನಿಂದ ಪದ್ಮಲೆ ಕೈ ಚಾಚುವುದನ್ನೇ ಬಿಟ್ಟಳು. ತನ್ನ ಮಾತು ತಿಳಿದವರಿಗಷ್ಟೇ ಕೈ ಕೊಡುತ್ತೇನೆಂದು ಒಗಟು ಹೂಡಿದಳು. ಬಂದವರಿಂದ ರೋಸಿಹೋಗಿದ್ದ ಅರಸ ಅದಕ್ಕೆ ತಲೆದಂಡ ಸೇರಿಸಿದ. ಬೇಡವೆಂದು ಅವಳು ಕಾಲು ಹಿಡಿದರೂ ಕೇಳಲಿಲ್ಲ.

ಮೊದಲು ಬಂದವನು ದಂಡನಾಯಕನ ಮಗ ಮಲ್ಲರಸ. ಪದ್ಮಲೆಯ ಕೈ ಹಿಡಿಯುವ ಆಸೆಯ ಹುಡುಗ, ಪ್ರಾಯ ಬಹಳ ಚಿಕ್ಕದು. ಅವಳು ಕೇಳಿದಳು: "ಕರೆಯದೆ ನನ್ನ ಮನೆಗೆ ಬರುತ್ತಾನೆ, ಮನೆಯನ್ನೆಲ್ಲ ಅಲುಗಾಡಿಸುತ್ತಾನೆ. ಹಿಡಿಯೋಣವೆಂದು ನಾಲ್ಕು ಜನ ಸೇರಿದರೆ ಅಲ್ಲಿರುವುದಿಲ್ಲ. ಅವನು ಯಾರು?" ಮಲ್ಲರಸ ನಗುತ್ತ ಕಳ್ಳ ಎಂದ. ಆ ಸಂಜೆಯೇ ಅವನ ತಲೆ ಹೋಯಿತು. ಪದ್ಮಲೆ ಅನ್ನ ಮುಟ್ಟಲಿಲ್ಲ.

ಆಮೇಲೆ ಸೋವಣ್ಣನೆಂಬ ಮುದಿ ವೈದ್ಯ ಬಂದ. ತನಗೆ ಒಗಟು ಬಾರದು, ಕಾಯಿಲೆ ಕಾಣಿಸಿಕೊಳ್ಳುವವರೆಗೆ ಅರಮನೆಯಲ್ಲಿ ಕಾದಿರಲು ಬಿಡಿ ಎಂದು ಬೇಡಿಕೊಂಡ. ಕಟ್ಟಳೆ ಕಟ್ಟಳೆಯೇ ಎಂದ ಅರಸ. ಮೊದಲ ಒಗಟನ್ನು ಸೋವಣ್ಣ ಬಿಡಿಸಿದ. ಪದ್ಮಲೆ ಎರಡನೆಯದನ್ನು ಕೇಳಿದಳು: "ಬಂದವರೆಲ್ಲ ನನಗೆ ಒಂದೇ ಮದ್ದು ಕೊಡುತ್ತಾರೆ. ಅದರಿಂದ ಕೊಟ್ಟವರಿಗೆ ನಿದ್ದೆ ಬರುತ್ತದೆ, ತಗೊಂಡವಳ ನಿದ್ದೆ ಹಾರುತ್ತದೆ. ಅದು ಯಾವುದು?" ವೈದ್ಯ ತನಗೆ ಗೊತ್ತಿದ್ದ ಬೇರುಗಳನ್ನೆಲ್ಲ ನೆನೆದು, ಕೊನೆಗೆ ಬಜೆ ಎಂದ. ಊರ ಹಬ್ಬ ಹತ್ತಿರವಿದ್ದುದರಿಂದ, ಅದು ಕಳೆದ ಮೇಲೆ ತಲೆ ತೆಗೆಯೋಣವೆಂದು ಅವನನ್ನು ಸೆರೆಗೆ ಹಾಕಿದರು. ಮುಂದೆ ಯಾರೂ ಬರಲಿಲ್ಲ.

ಹಬ್ಬದ ಸಂತೆಗೆ ಕಂಬಳಿ ಮಾರಲು ಬಂದಿದ್ದ ಮಾಳಿಂಗನೆಂಬ ಕುರುಬರ ಯುವಕನ ಕಿವಿಗೂ ಈ ಸುದ್ದಿ ಬಿತ್ತು. ಅವನು ಕಂಬಳಿಗಳನ್ನು ಅಲ್ಲೇ ಬಿಟ್ಟು ಅರಮನೆಗೆ ನಡೆದ. ವೈದ್ಯ ಬಲ್ಲೆಯಾ ಎಂದು ಅರಸ ಕೇಳಿದರೆ ಇಲ್ಲವೆಂದ. ಹಾಗಾದರೆ ಸಾಯಲು ಬಂದೆಯಾ ಎಂದರೆ ಒಗಟು ಹೇಳಿ ಎಂದ. ಪದ್ಮಲೆ ಮೊದಲೆರಡು ಒಗಟನ್ನು ಕೇಳಿ, ಮೂರನೆಯದನ್ನೂ ಮುಂದಿಟ್ಟಳು.

"ಅಪ್ಪನ ಬೊಕ್ಕಸದಲ್ಲಿ ಅದಿಲ್ಲ, ಆದರೂ ಅಪ್ಪನೇ ಕೊಡಬೇಕು. ಕೊಟ್ಟರೆ ಅವನಿಗೇನೂ ಕಡಿಮೆಯಾಗದು. ತಡವಾಗಿ ಕೊಟ್ಟರೆ ಮಾತ್ರ ಕೊಟ್ಟವನೇ ಅಳುತ್ತಾನೆ. ಅದೇನು?"

ಮಾಳಿಂಗ ಒಂದೊಂದಾಗಿ ಬಿಡಿಸಿದ.

"ಮೊದಲನೆಯದು ನಿಮ್ಮ ಕಾಯಿಲೆ, ತಾಯಿ. ಬರುವಾಗ ಯಾರಿಗೂ ಹೇಳುವುದಿಲ್ಲ, ವೈದ್ಯರು ಬಂದರೆ ಇರುವುದಿಲ್ಲ. ಎರಡನೆಯದು 'ಏನೂ ಇಲ್ಲ' ಅನ್ನುವ ಮಾತು. ಅಂದವರು ಹೋಗಿ ಮಲಗುತ್ತಾರೆ. ಕೇಳಿದವರು ಎದೆಯ ಮೇಲೆ ಕೈ ಇಟ್ಟುಕೊಂಡು ಎದ್ದಿರುತ್ತಾರೆ. ಮೂರನೆಯದು ನಂಬಿಕೆ. ನೋವು ಅಂದಾಗ, ಹೌದು ಅನ್ನುವುದು."

ಇದೆಲ್ಲ ನಿನಗೆ ಹೇಗೆ ಗೊತ್ತೆಂದು ಪದ್ಮಲೆ ಕೇಳಿದಳು.

"ನನ್ನ ತಂಗಿಗೂ ಹೀಗೇ ಆಗುತ್ತಿತ್ತು. ಕುರಿ ಕಾಯಲು ಬೇಸರ, ಅದಕ್ಕೆ ನೆವ ಹೇಳುತ್ತಾಳೆ ಅಂದುಕೊಂಡೆ. ಹಟ್ಟಿಯಲ್ಲಿ ಬಿದ್ದವಳು ಮತ್ತೆ ಏಳಲಿಲ್ಲ. ಆಮೇಲೆ ನಂಬಿದೆ."

ಬೊಪ್ಪದೇವ ಸಿಂಹಾಸನದಿಂದ ಇಳಿದ. ಮಗಳ ಬಳಿಗೆ ಬಂದು ಕುಳಿತ. ಅವಳು ಬರೆಯ ಕಲೆಯಿದ್ದ ಕೈಯನ್ನು ಅವನ ಮಡಿಲಲ್ಲಿಟ್ಟಳು.

ಬೇಡಿದ್ದು ಕೊಡುವ ಮಾತಿತ್ತಲ್ಲ, ಮಾಳಿಂಗ ಸೋವಣ್ಣನ ಬಿಡುಗಡೆಯನ್ನು ಬೇಡಿದ. ಮುದುಕ ಹೊರಬಂದವನೇ ಪದ್ಮಲೆಯ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಕಾದ. ಒಂದು ಮಧ್ಯಾಹ್ನ ಎದೆ ಓಡತೊಡಗಿದಾಗ ಅವನ ಬೆರಳು ಅವಳ ನಾಡಿಯ ಮೇಲಿತ್ತು. ಇದು ಹೆದರಿಕೆಯಲ್ಲ, ನಿಜವಾದ ಕಾಯಿಲೆ, ಹುಟ್ಟುವಾಗಲೇ ಗುಂಡಿಗೆಯಲ್ಲಿದ್ದ ಲೋಪ ಎಂದ. ಮುಖವನ್ನು ತಣ್ಣೀರಿನಲ್ಲಿ ಅದ್ದಿ, ಉಸಿರು ಕಟ್ಟಿ ತಿಣುಕಲು ಹೇಳಿದ. ಬಡಿತ ಇಳಿಯಿತು. ಬೇರುಸಹಿತ ತೆಗೆಯುವ ಮದ್ದು ತನ್ನಲ್ಲಿಲ್ಲ, ಮೊದಲೇ ತಿಳಿದಿದ್ದರೆ ಮೈ ಇಷ್ಟು ಸೊರಗುತ್ತಿರಲಿಲ್ಲ ಎಂದೂ ಮುಚ್ಚಿಡದೆ ಹೇಳಿದ. ಪದ್ಮಲೆ ಅತ್ತಳು. ಕಾಯಿಲೆಗೆ ಒಂದು ಹೆಸರು ಸಿಕ್ಕಿದ್ದೇ ಅವಳಿಗೆ ದೊಡ್ಡದಾಗಿತ್ತು.

ಅರಸ ಮಾಳಿಂಗನಿಗೆ ಹೊಳೆದಂಡೆಯ ಹುಲ್ಲುಗಾವಲನ್ನು ಉಂಬಳಿ ಬಿಟ್ಟುಕೊಟ್ಟ. ಅವನು ಕೈಮುಗಿದು ತೆಗೆದುಕೊಂಡ. ತಂಗಿಯಿದ್ದಿದ್ದರೆ ಬಿಸಿಲಿಗೆ ಅಲೆಯದೆ ಇಲ್ಲೇ ಕುರಿ ಮೇಯಿಸಬಹುದಿತ್ತು ಎಂದಷ್ಟೇ ಅಂದ.

ತಲೆದಂಡದ ಕಟ್ಟಳೆ ಒಗಟು ಬಿಡಿಸಿದ ದಿನವೇ ಅಳಿದಿತ್ತು. ಬೊಪ್ಪದೇವ ಕಿರೀಟ ತೆಗೆದಿಟ್ಟು, ಬರಿಗಾಲಲ್ಲಿ ಮಲ್ಲರಸನ ತಾಯಿಯ ಮನೆಗೆ ಹೋದ. ಅಂಗಳದಲ್ಲಿ ನಿಂತು ತನ್ನ ತಪ್ಪನ್ನೆಲ್ಲ ಹೇಳಿಕೊಂಡ. ಆಕೆ ಕಂಬಕ್ಕೊರಗಿ ಕೊನೆಯವರೆಗೂ ಕೇಳಿಸಿಕೊಂಡಳು. ಬೈಯಲಿಲ್ಲ, ಅಳಲೂ ಇಲ್ಲ. ಅವನು ಮಾತು ಮುಗಿಸಿದ ಮೇಲೆ ಕೇಳಿದಳು:

"ಮಗಳು ಈಗ ಹೇಗಿದ್ದಾಳೆ?"