ಕೇಳಿಕೊಂಡು ಬಂದವರು

ಕಪಿಲೆಯ ದಂಡೆಯ ಮೇಲೆ ಒಂದು ವಿದ್ಯಾಪೀಠ. ಹೊಳೆಗೆ ಸೇತುವೆ ಆಗುವ ಮುಂಚೆ ಅಲ್ಲಿಗೆ ಓದಲು ಬರುವವರೆಲ್ಲ ದೋಣಿಯಲ್ಲೇ ಬರಬೇಕಿತ್ತು.

ದೋಣಿ ನಿಲ್ಲುವ ಕಡೆ, ಕಲ್ಲಿನ ಮೆಟ್ಟಿಲ ಮೇಲೆ, ಸಿದ್ದಮಲ್ಲಯ್ಯ ಮೇಷ್ಟ್ರು ನಿಂತಿರುತ್ತಿದ್ದರು. ಅವರು ಗ್ರಂಥಾಲಯದ ಮುಖ್ಯಸ್ಥರು. ದಡದಲ್ಲಿ ನಿಂತಿರಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಕುಮುದಿನಿ ಅವರನ್ನು ಮೊದಲು ಕಂಡದ್ದೂ ಅಲ್ಲೇ. ಅಮ್ಮನ ಜೊತೆ ಬಂದಿದ್ದಳು. ಇಳಿಯುವಾಗ ಅಮ್ಮನ ಒಂದು ಚಪ್ಪಲಿ ಹೊಳೆಗೆ ಬಿದ್ದು ತೇಲಿಹೋಯಿತು. ಅಮ್ಮ ಇನ್ನೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತರು.

ಮೇಷ್ಟ್ರು ಅದನ್ನು ಕಾಣದವರ ಹಾಗೆ ಹುಡುಗಿಯ ಕಡೆ ತಿರುಗಿದರು.

“ಏನು ಓದಬೇಕು ಅಂತಿದೀಯಮ್ಮ?”

ತಾನು ಓದಬೇಕೆಂದಿದ್ದಕ್ಕೆ ಗ್ರಂಥಾಲಯ ವಿಜ್ಞಾನ ಎನ್ನುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲ. “ಪುಸ್ತಕ ಜೋಡಿಸಿಡೋದು” ಎಂದಳು.

“ಎಡಗಡೆ ಹೆಂಚಿನ ಕಟ್ಟಡ. ಮೊದಲು ಊಟ ಮಾಡಿ. ಗುಮಾಸ್ತರು ಮಧ್ಯಾಹ್ನದ ಮೇಲೆ ಬರುತ್ತಾರೆ.”

ಅಷ್ಟೇ. ಅವಳು ಅವರ ಶಿಷ್ಯೆಯಾದಳು.

ಕಾಲ ಸರಿಯಿತು. ಸೇತುವೆ ಬಂತು, ದೋಣಿ ನಿಂತಿತು. ಮೇಷ್ಟ್ರು ನಿವೃತ್ತರಾಗಿ ಮೆಟ್ಟಿಲ ಪಕ್ಕದ ಪುಟ್ಟ ಮನೆಯಲ್ಲಿ ಉಳಿದರು. ವಿದ್ಯಾಪೀಠ ದೊಡ್ಡ ವಿಶ್ವವಿದ್ಯಾಲಯವಾಯಿತು. ಈಗ ಬರುವವರು ಮೊದಲು ವೆಬ್‌ಸೈಟಿಗೆ ಬರುತ್ತಿದ್ದರು. ಅದನ್ನು ನೋಡಿಕೊಳ್ಳುವ ಕೆಲಸ, ಓದು ಮುಗಿಸಿ ಅಲ್ಲೇ ಕೆಲಸಕ್ಕೆ ಸೇರಿದ್ದ ಕುಮುದಿನಿಯ ಪಾಲಿಗೆ ಬಂತು.

ಅವಳು ಹಳೆಯದನ್ನು ಬದಿಗೊತ್ತಿ ಹೊಸದನ್ನು ಕಟ್ಟಿದಳು. ತೆರೆದ ಕೂಡಲೇ ಪರದೆಯ ತುಂಬ ಕಪಿಲೆ ಹರಿಯುವಳು. ಸೂರ್ಯ ಹುಟ್ಟುವನು. ಪ್ರಕಟಣೆಗಳೆಲ್ಲ ಬಣ್ಣದ ಚಿತ್ರಗಳಾಗಿ ಒಂದಾದ ಮೇಲೊಂದು ಹೂವಿನ ಹಾಗೆ ಅರಳುವವು. ಕುಲಪತಿಗಳು ಸಭೆ ಕರೆದು ಶಾಲು ಹೊದಿಸಿದರು.

ಆ ಶಾಲಿನಲ್ಲೇ ಅವಳು ಮೇಷ್ಟ್ರ ಮನೆಗೆ ಹೋದಳು. ಲ್ಯಾಪ್‌ಟಾಪ್ ತೆರೆದು ಅವರ ಮುಂದಿಟ್ಟಳು.

ಮೇಷ್ಟ್ರು ಬಹಳ ಹೊತ್ತು ನೋಡಿದರು.

“ಹೊಳೆ ಚೆನ್ನಾಗಿ ಹರೀತಿದೆ” ಎಂದರು.

ಅವಳ ಮುಖ ಅರಳಿತು.

“ಇಳಿಯೋದು ಎಲ್ಲಿ?”

“ಏನು ಗುರುಗಳೇ?”

ಮೇಷ್ಟ್ರು ಕಾಫಿ ಮಾಡಲು ಒಳಗೆ ಎದ್ದುಹೋದರು. ಗುರುಗಳಿಗೆ ವಯಸ್ಸಾಯಿತು, ಇವೆಲ್ಲ ಅವರಿಗೆ ಹೊಸತು ಎಂದುಕೊಂಡು ಕುಮುದಿನಿ ಲ್ಯಾಪ್‌ಟಾಪ್ ಮುಚ್ಚಿದಳು.

ಪ್ರವೇಶದ ಗಡುವು ಮುಗಿದ ಎರಡು ದಿನಕ್ಕೆ ಮಾದೇವಿ ಬಂದಳು. ಕಾಡಂಚಿನ ಹಾಡಿಯವಳು, ಹುಟ್ಟಾ ಕಣ್ಣಿಲ್ಲದವಳು. ಅಣ್ಣನ ಭುಜದ ಮೇಲೆ ಕೈಯಿಟ್ಟು ಕುಮುದಿನಿಯ ಕೋಣೆಯ ಬಾಗಿಲಲ್ಲಿ ನಿಂತಳು.

“ಆಫೀಸ್ನಲ್ಲಿ ಸೇರೋ ದಿನ ಮುಗೀತು ಅಂತಾವ್ರೆ ಅಕ್ಕ. ನಿಮ್ಮುನ್ನ ಕೇಳು ಅಂದ್ರು.”

“ಹೌದಮ್ಮ, ಮೊನ್ನೆಯೇ ಕೊನೆ. ವೆಬ್‌ಸೈಟಿನಲ್ಲಿ ಹಾಕಿದ್ದೆವಲ್ಲ.”

“ಎಲ್ಲಿ ಅಂತ ತೋರ್ಸಿ ಅಕ್ಕ. ನಂಗೆ ಗೊತ್ತಾಗ್ನಿಲ್ಲ.”

ಮಾದೇವಿ ಫೋನನ್ನು ಮುಂದೆ ಹಿಡಿದಳು. ಅದು ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಫೋನು. ಕುಮುದಿನಿ ಪ್ರಕಟಣೆಯ ಮೇಲೆ ಬೆರಳಿಟ್ಟಳು.

“ಚಿತ್ರ” ಎಂದಿತು ಫೋನು.

ಮುಂದಿನದರ ಮೇಲೆ ಇಟ್ಟಳು.

“ಚಿತ್ರ.”

ಅದರ ಮುಂದಿನದೂ ಚಿತ್ರವೇ.

“ಸುಮಾರು ದಿನ ಇದನ್ನೇ ಕೇಳ್ದೆ” ಎಂದಳು ಮಾದೇವಿ. “ಆಮೇಲೆ ಪ್ರವೇಶಕ್ಕೆ ಕೊನೆ ದಿನ ಯಾವತ್ತು ಅಂತ ಹುಡುಕ್ದೆ. ಆಗ ಒಂದು ಸಿಕ್ತು. ಅದು ಚೆನ್ನಾಗಿ ಓದ್ತು. ಇವತ್ತೇ ಕೊನೆ ಅಂತು. ಬಂದ್ಬುಟ್ಟೊ.”

ಕುಮುದಿನಿ ನೋಡಿದಳು. ಹೋದ ವರ್ಷದ ಪುಟ. ಬರೀ ಅಕ್ಷರ. ತಿಂಗಳು, ತಾರೀಕು ಇತ್ತು, ಇಸವಿ ಇರಲಿಲ್ಲ. ಅವಳು ಬದಿಗೊತ್ತಿದ್ದಳೇ ಹೊರತು ತೆಗೆದಿರಲಿಲ್ಲ.

“ನಾನೇ ಸರ್ಯಾಗಿ ಕೇಳಿಸ್ಕೊಳ್ನಿಲ್ಲ ಅನ್ಸುತ್ತೆ ಬುಡಿ” ಎಂದು ಮಾದೇವಿ ಅಣ್ಣನ ಭುಜ ಹುಡುಕಿಕೊಂಡಳು.

ಅವರಿಬ್ಬರೂ ಹೊರಟುಹೋದರು. ಕುಮುದಿನಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಮೇಷ್ಟ್ರ ಮನೆಗೆ ಓಡಿದಳು. ನಡೆದದ್ದನ್ನೆಲ್ಲ ಹೇಳಿದಳು. ಬೈಗುಳ ತಿನ್ನಲು ತಯಾರಾಗಿ ತಲೆ ತಗ್ಗಿಸಿದಳು.

“ಆ ಹುಡುಗಿ ಎಲ್ಲಿ?” ಎಂದರು ಮೇಷ್ಟ್ರು.

“ಬಸ್‌ಸ್ಟ್ಯಾಂಡಿಗೆ ಹೋದಳು.”

ಮೇಷ್ಟ್ರು ಬಾಗಿಲು ಹಾಕಲೂ ನಿಲ್ಲದೆ ಹೊರಟರು. ಸೇತುವೆಯ ಮೇಲೆ, ಬಿಸಿಲಿನಲ್ಲಿ, ಆ ವಯಸ್ಸಿನಲ್ಲಿ. ಕುಮುದಿನಿ ಹಿಂದೆಯೇ ಹೋದಳು. ಬಸ್ಸು ಆಗಲೇ ಬಂದು ನಿಂತಿತ್ತು. ಅಣ್ಣ ಮೆಟ್ಟಿಲು ಹತ್ತಿ ತಂಗಿಗೆ ಕೈ ಚಾಚಿದ್ದ.

“ತಾಯೀ, ಏನು ಓದಬೇಕು ಅಂತಿದ್ದೆ?” ಎಂದು ಮೇಷ್ಟ್ರು ಏದುಸಿರಿನಲ್ಲೇ ಕೂಗಿದರು.

ಮಾದೇವಿ ದನಿಯ ಕಡೆ ತಿರುಗಿದಳು. “ಚರಿತ್ರೆ” ಎಂದಳು.

“ಇಳಿಸಪ್ಪ ಅವಳನ್ನ” ಎಂದು ಮೇಷ್ಟ್ರು ಅಣ್ಣನಿಗೆ ಹೇಳಿದರು. ಆಮೇಲೆ ಕುಮುದಿನಿಯ ಕಡೆ ನೋಡಿ, “ಇವರಿಗೆ ನಾನು ಅನ್ನ ಮಾಡಿಹಾಕ್ತೀನಿ. ನಿನ್ನ ಕೆಲಸಕ್ಕೆ ನೀನು ಹೋಗು” ಎಂದರು.

ತನ್ನ ಕೆಲಸ ಏನೆಂದು ಕುಮುದಿನಿ ಕೇಳಲಿಲ್ಲ. ನೇರ ಕುಲಪತಿಗಳ ಬಳಿಗೆ ಹೋದಳು.

“ಗಡುವು ಅಂದರೆ ಗಡುವು. ಒಬ್ಬರಿಗೆ ಸಡಿಲಿಸಿದರೆ ಎಲ್ಲರೂ ಬರುತ್ತಾರೆ” ಎಂದರು ಅವರು.

“ಅವಳು ನಮ್ಮ ಮಾತನ್ನೇ ನಂಬಿ ಬಂದವಳು, ಸಾರ್. ಆ ತಾರೀಕು ನಮ್ಮ ವೆಬ್‌ಸೈಟಿನಲ್ಲೇ ಇತ್ತು. ತೆಗೆಯದೆ ಬಿಟ್ಟವಳು ನಾನು. ನೀವು ಶಾಲು ಹೊದಿಸಿದ ಕೆಲಸ ಅವಳಿಗೆ ಒಂದಕ್ಷರವನ್ನೂ ಹೇಳಲಿಲ್ಲ.”

ಕುಲಪತಿಗಳ ಮುಖ ಕೆಂಪಾಯಿತು. ಕಿಟಕಿಯ ಕಡೆ ತಿರುಗಿದರು. ಕೊನೆಗೆ, “ಸೇರಿಸಿಕೊಳ್ಳಿ. ಆದರೆ ಇನ್ನೊಮ್ಮೆ ಇದೇ ಕಾರಣಕ್ಕೆ ನನ್ನ ಮುಂದೆ ಬರಬೇಡಿ” ಎಂದರು.

ಸಂಜೆ ಅವಳು ಮೆಟ್ಟಿಲ ಬಳಿ ಬಂದಾಗ ಮಾದೇವಿ ನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಸುದ್ದಿ ಕೇಳಿ ಅಣ್ಣನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಗುರುಗಳೇ, ಅದನ್ನು ಪೂರ್ತಿ ಒಡೆದು ಕಟ್ಟಬೇಕು. ಎಲ್ಲಿಂದ ಶುರು ಮಾಡಲಿ?” ಎಂದಳು ಕುಮುದಿನಿ.

“ಅವಳ ಪಕ್ಕ ಕೂತ್ಕೋ. ಕಣ್ಣು ಮುಚ್ಚು” ಎಂದರು ಮೇಷ್ಟ್ರು.

ಮಾದೇವಿ ಫೋನಿನಲ್ಲಿ ಒಂದೊಂದೇ ಪುಟ ಕೇಳುತ್ತ ಹೋದಳು. ಹಾಸ್ಟೆಲ್ ಎಂದು ಹುಡುಕಿದರೆ ಏನೂ ಸಿಗಲಿಲ್ಲ. ಕುಮುದಿನಿ ಅದನ್ನು ವಸತಿ ವ್ಯವಸ್ಥಾ ಪ್ರಕೋಷ್ಠ ಎಂದು ಕರೆದಿದ್ದಳು.

“ಪ್ರಕೋಷ್ಠ ಅಂದ್ರೆ ಏನಕ್ಕ?”

ಕಣ್ಣು ಮುಚ್ಚಿಕೊಂಡೇ ಕುಮುದಿನಿ ನಕ್ಕಳು. ನಗುವಾಗಲೇ ಅಳುವೂ ಬಂತು. ಪುಸ್ತಕ ಜೋಡಿಸೋದು ಅಂದಾಗ ಈ ಮೆಟ್ಟಿಲ ಮೇಲೆ ತನ್ನನ್ನು ಯಾರೂ ತಿದ್ದಿರಲಿಲ್ಲ.

ಆ ಮಳೆಗಾಲವೆಲ್ಲ ಅವಳು ಅದೇ ಕೆಲಸ ಮಾಡಿದಳು. ಚಿತ್ರಗಳೊಳಗೆ ಸಿಕ್ಕಿಕೊಂಡಿದ್ದ ಮಾತುಗಳನ್ನು ಬಿಡಿಸಿ ಅಕ್ಷರದಲ್ಲಿ ಬರೆದಳು. ಉಳಿದ ಚಿತ್ರಗಳಲ್ಲಿ ಏನಿದೆಯೆಂದು ಪಕ್ಕದಲ್ಲಿ ಹೇಳಿದಳು. ಹಳೆಯ ಪುಟಗಳ ನೆತ್ತಿಯ ಮೇಲೆ ಇದು ಹಳೆಯದು ಎಂದು ಹಾಕಿದಳು. ಜನ ಯಾವ ಮಾತಿನಲ್ಲಿ ಹುಡುಕುತ್ತಾರೋ ಆ ಮಾತನ್ನೇ ಇಟ್ಟಳು. ಹರಿಯುವ ಕಪಿಲೆಯನ್ನು ತೆಗೆಯುವ ದಿನ ಮಾತ್ರ ಕೈ ತಡೆಯಿತು. ಒಂದು ಸಲ ಪೂರ್ತಿ ನೋಡಿ, ತೆಗೆದಳು.

“ಮದುವೆಮನೆ ಹಾಗಿತ್ತು, ಆಸ್ಪತ್ರೆ ಮಾಡಿಬಿಟ್ಟಿರಿ” ಎಂದು ಸಹೋದ್ಯೋಗಿಗಳು ಆಡಿಕೊಂಡರು. ಅವಳು ಮುಂದಿನ ಪುಟ ತೆರೆದಳು.

ಮುಂದಿನ ವರ್ಷ ಪ್ರವೇಶದ ದಿನಗಳು ಬಂದವು, ಹೋದವು. ಅವಳ ಕೋಣೆಯ ಬಾಗಿಲಿಗೆ ಯಾರೂ ಬರಲಿಲ್ಲ. ಅಂಗಳದ ತುಂಬ ಹೊಸ ಮಕ್ಕಳು. ಎಲ್ಲರಿಗೂ ಎಲ್ಲಿಗೆ ಹೋಗಬೇಕೆಂದು ಗೊತ್ತಿತ್ತು.

ಅವಳು ಹೊಳೆಯ ಕಡೆ ನಡೆದಳು. ಮೇಷ್ಟ್ರು ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು. ದೋಣಿ ಕಟ್ಟುತ್ತಿದ್ದ ಕಲ್ಲಿನ ಸುತ್ತ ಹುಲ್ಲು ಬೆಳೆದಿತ್ತು.

“ಆಗ ಇಲ್ಲಿ ಇಳಿದವರೆಲ್ಲ ನಿಮ್ಮನ್ನು ಈಗಲೂ ನೆನೆಸಿಕೊಳ್ಳುತ್ತಾರೆ” ಎಂದಳು. “ನಾನೊಬ್ಬಳು ಇದ್ದೀನಿ ಅನ್ನೋದೇ ಈ ಮಕ್ಕಳಿಗೆ ಗೊತ್ತಿಲ್ಲ.”

“ಬೇಜಾರಾ?”

“ಸ್ವಲ್ಪ.”

“ನನಗೂ ಸಾಯಂಕಾಲವಾದರೆ ದೋಣಿಯ ಹುಟ್ಟಿನ ಸದ್ದು ಕೇಳಿದ ಹಾಗಾಗುತ್ತೆ” ಎಂದರು ಮೇಷ್ಟ್ರು. “ಎದ್ದು ನಿಂತುಬಿಡ್ತೀನಿ.”

ಸೇತುವೆಯ ಮೇಲೆ ಬಸ್ಸೊಂದು ದಾಟಿಹೋಯಿತು.

“ಅಂತೂ ಕೆಲಸ ಮುಗೀತಲ್ಲವೇ ಗುರುಗಳೇ?”

“ಇವತ್ತು ತಾರೀಕೆಷ್ಟು?”

“ಹದಿನೇಳು.”

“ನಾಳೆಯೂ ಹದಿನೇಳೇ ಆದರೆ, ಮುಗೀತು.”