ಹಗ್ಗ ಬಿಚ್ಚಿದ ಮಡಿವಾಳ

"ಬುದ್ಧಿ, ನಗರದ ಜಾಗದ ವ್ಯಾಜ್ಯಗಳಿಗೆ ಹೊಸ ಕಾನೂನು ಬರೆಯುತ್ತಿದ್ದೇವೆ. ಕಳೆದ ಹನ್ನೆರಡು ವರ್ಷ ಜಾಗವನ್ನು ಬಳಸಿದವನಿಗೇ ಜಾಗ. ಒಂದೇ ದಿನದಲ್ಲಿ ತೀರ್ಪು. ಇದರಲ್ಲಿ ತಪ್ಪೇನಾದರೂ ಇದೆಯೇ?" ಎಂದು ಶಿಷ್ಯ ಚನ್ನವೀರಯ್ಯ ಕೇಳಿದ. ಅವನು ಕಾನೂನು ಸಮಿತಿಯ ಸದಸ್ಯ. ಕರಡು ಪ್ರತಿಯನ್ನು ಗುರುಗಳ ಮುಂದಿಟ್ಟಿದ್ದ.

ಗುರುಗಳು ನಕ್ಕರು. "ಒಂದೇ ದಿನದಲ್ಲೇ? ಭಲೆ! ಹಾಗಾದರೆ ಕೇಳು."

ಒಂದು ಪಟ್ಟಣದಲ್ಲಿ ಒಬ್ಬ ಮಡಿವಾಳನಿದ್ದ. ಪೇಟೆಬೀದಿಯ ಹಿಂದೆ ಅವನದೊಂದು ತುಂಡು ಜಾಗ. ಅಪ್ಪನ ಕಾಲದಿಂದ ಅಲ್ಲಿ ಕಂಬ ನೆಟ್ಟು, ಹಗ್ಗ ಕಟ್ಟಿ, ಊರವರ ಬಟ್ಟೆ ಒಣಹಾಕುತ್ತಿದ್ದರು. ಅವನ ಅನ್ನ ಅದೇ. ಪಟ್ಟಣ ಬೆಳೆಯಿತು. ಪಕ್ಕದ ವರ್ತಕನ ಕಣ್ಣು ಆ ಜಾಗದ ಮೇಲೆ ಬಿತ್ತು. ಒಂದು ಬೆಳಗ್ಗೆ "ಇದು ನನ್ನದು" ಎಂದುಬಿಟ್ಟ. ಮಡಿವಾಳ ನ್ಯಾಯಾಲಯದ ಮೆಟ್ಟಿಲು ಹತ್ತಿದ.

"ತೀರ್ಪು ಬರುವತನಕ ಇಬ್ಬರೂ ಆ ಜಾಗಕ್ಕೆ ಕಾಲಿಡಬಾರದು" ಎಂದು ನ್ಯಾಯಾಧೀಶರು ತಡೆಯಾಜ್ಞೆ ಕೊಟ್ಟರು. ಮಡಿವಾಳ ಎಂಥ ಸಾಧುಪ್ರಾಣಿ ನೋಡು, ಅಂದೇ ಹಗ್ಗ ಬಿಚ್ಚಿದ, ಕಂಬ ಕಿತ್ತ. ದಿನಾ ಗಂಟು ಹೊತ್ತು ಊರಾಚೆಯ ಕೆರೆ ಏರಿಗೆ ಹೋಗಿ ಬಟ್ಟೆ ಒಣಗಿಸತೊಡಗಿದ.

ಹೆಂಡತಿ ಬೈದಳು. "ಅಲ್ಲಾ, ಆ ವರ್ತಕ ಪುಣ್ಯಾತ್ಮ ನಮ್ಮ ಜಾಗದಲ್ಲೇ ಗೋದಾಮು ಕಟ್ಟಿಯೂ ಆಯ್ತು. ನಿಮಗೆ ಹಗ್ಗ ಕಟ್ಟೋಕೂ ಹೆದರಿಕೆಯೇ?"

"ಕೋರ್ಟಿನ ಮಾತು ಮೀರಬಾರದು ಕಣೇ" ಎಂದ. ಗೋದಾಮಿನ ದೂರು ಕೊಡಲು ಹೋದಾಗಲೆಲ್ಲ ಕೋರ್ಟಿನ ಗುಮಾಸ್ತರು "ಬರೆದುಕೊಂಡಿದ್ದೇವೆ, ಹೋಗು" ಎಂದು ಕಳಿಸುತ್ತಿದ್ದರು.

ಹೀಗೇ ಹನ್ನೆರಡು ವರ್ಷ ಕಳೆಯಿತು. ನಿನ್ನ ಕರಡಿನಂಥದೇ ಹೊಸ ಕಾನೂನು ಬಂತು, ಹೊಸ ನ್ಯಾಯಾಧೀಶರೂ ಬಂದರು. ಕೆಟ್ಟವರೇನಲ್ಲ, ಪಾಪ. "ಇಷ್ಟು ವರ್ಷ ಆ ಜಾಗದಲ್ಲಿ ಏನು ಮಾಡಿದೆಯಪ್ಪಾ?" ಎಂದು ಮೆತ್ತಗೆ ಕೇಳಿದರು.

"ನೀವು ಹೇಳಿದ್ದನ್ನೇ ಮಾಡಿದೆ ಸ್ವಾಮಿ. ಕಾಲಿಡಲಿಲ್ಲ."

ಒಂದೇ ದಿನದಲ್ಲಿ ತೀರ್ಪಾಯಿತು. ಜಾಗ ವರ್ತಕನಿಗೆ ಹೋಯಿತು. ಮಡಿವಾಳ ಕಕ್ಕಾಬಿಕ್ಕಿಯಾದ. ಮಾತು ಮೀರಿದವನು ಗೆದ್ದ, ಮಾತು ಕೇಳಿದ ತಾನು ಸೋತ. ಇದರ ತಲೆಬುಡ ಅವನಿಗೆ ತಿಳಿಯಲೇ ಇಲ್ಲ. ಗಂಟು ಹೊತ್ತು ಮತ್ತೆ ಏರಿಯ ಕಡೆಗೆ ನಡೆದ.

ಕತೆ ಮುಗಿಯಿತು. ಚನ್ನವೀರಯ್ಯನಿಗೆ ಗಲಿಬಿಲಿಯಾಯಿತು. "ಹಾಗಾದರೆ ಕಾನೂನು ಬದಲಿಸಲೇಬಾರದೇ, ಬುದ್ಧಿ? ಹಳೆಯದೇ ಇರಲಿ ಎನ್ನುತ್ತೀರಾ?"

ಗುರುಗಳು ಕರಡನ್ನು ಅವನ ಕೈಗೇ ಮರಳಿ ಕೊಟ್ಟರು.

"ಬದಲಿಸಯ್ಯಾ, ಆದರೆ ನಿನ್ನೆಯ ಆಜ್ಞೆ ನಂಬಿ ಕಾಲು ಹಿಂದಿಟ್ಟವನು ನಾಳೆ ಎಲ್ಲಿ ನಿಲ್ಲಬೇಕು, ಅದನ್ನೊಂದು ಬರೆದು ತಾ."