ಅರಬ್ಬಿಯಲ್ಲಿ ಸೊಸೆಯ ದೂರು

ಹೊಳೆಬದಿಯ ಮದ್ರಸದಲ್ಲಿ ಇದ್ದಿನಬ್ಬ ಉಸ್ತಾದರು ಅಂತ ಒಬ್ಬರಿದ್ದರು. ಮಕ್ಕಳಿಗೆ ಕುರ್‌ಆನ್ ಓದಲು ಕಲಿಸುವುದು ಅವರ ಕೆಲಸ. ಪ್ರಾಯದಲ್ಲಿ ಹನ್ನೆರಡು ವರ್ಷ ಮಸ್ಕತ್ತಿನಲ್ಲಿದ್ದು ಬಂದವರು. ಅಲ್ಲಿ ಪಾಠ ಹೇಳಿದರೋ, ಯಾರದೋ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚಿದರೋ, ಊರಿಗೆ ಇನ್ನೂ ಅನುಮಾನ.

ಅವರ ಹಳೆಯ ಶಿಷ್ಯೆ ಮಿಸ್ರಿಯಾ. ಬೀಡಿ ಕಟ್ಟುವ ವಿಧವೆಯ ಮಗಳು. ಕುರ್‌ಆನ್ ಓದಲು ಕೂತರೆ ಅವಳ ಕಂಠಕ್ಕೆ ಎದುರಿಲ್ಲ.

ಆ ಮಿಸ್ರಿಯಾಳ ಹೆಸರು ಒಂದು ವಾರ ಬೀದಿಯ ಬಾಯಲ್ಲಿತ್ತು. ಹೊಳೆಯ ಕಟ್ಟೆಯ ಮೇಲೆ ಕೂತು, ಶಾಲು ಮುಖಕ್ಕೆಳೆದುಕೊಂಡು, ಫೋನಿನಲ್ಲಿ ಗಂಡಸಿನ ಧ್ವನಿಯ ಜೊತೆ ಗುಸುಗುಸು. ಅವನೊಂದು ಮಾತು, ಇವಳೊಂದು ಮಾತು. ಹುಡುಗ ದುಬೈಯವ ಎಂದಳು ಪಕ್ಕದ ಮನೆಯ ಅವ್ವಮ್ಮ. ಅಲ್ಲ, ಮದುವೆಯಾದವ ಎಂದಳು ಮೀನಿನವಳು. ಸುದ್ದಿ ಉಸ್ತಾದರ ಕಿವಿಗೆ ಬೀಳುವಷ್ಟರಲ್ಲಿ ಅವನಿಗೆ ಎರಡು ಮಕ್ಕಳೂ ಆಗಿದ್ದವು.

ಉಸ್ತಾದರು ಅವಳನ್ನು ಕರೆಸಿದರು.

"ಯಾರವ?"

ಮಿಸ್ರಿಯಾ ಫೋನು ತೆಗೆದು ತೋರಿಸಿದಳು. ಅರಬ್ಬಿ ಮಾತು ಕಲಿಸುವ ಆ್ಯಪ್. ಅದು ಒಂದು ಸಾಲು ಹೇಳುತ್ತದೆ, ಇವಳು ಹಾಗೇ ಹೇಳಬೇಕು. ಸರಿಯಾದರೆ ಹಸಿರು ಬಣ್ಣ, ತಪ್ಪಾದರೆ ಕೆಂಪು.

ಉಸ್ತಾದರು ಕಿವಿಗಿಟ್ಟು ಕೇಳಿದರು. "ಗಂಡು ಒಳ್ಳೆಯವ. ಎದುರು ಮಾತಾಡುವುದಿಲ್ಲ."

"ನನಗೆ ಎಲ್ಲಾ ಹಸಿರೇ ಬರುತ್ತದೆ ಉಸ್ತಾದ್," ಎಂದಳು. ಎಂದವಳು ಅಳತೊಡಗಿದಳು.

ಸಂಗತಿ ಹೀಗೆ. ಪಟ್ಟಣದ ಆಸ್ಪತ್ರೆಗೆ ಅರಬ್ಬರ ನಾಡಿನಿಂದ ರೋಗಿಗಳು ಬರುತ್ತಾರೆ. ಅವರ ಮಾತನ್ನು ಡಾಕ್ಟರಿಗೆ ತಿಳಿಸಲು ಒಬ್ಬಳು ಬೇಕಿತ್ತು. ಹತ್ತು ದಿನ ನೋಡುತ್ತೇವೆ ಎಂದು ಮಿಸ್ರಿಯಾಳನ್ನು ಇಟ್ಟುಕೊಂಡಿದ್ದರು. ಸರಿಹೋದರೆ ಕೆಲಸ ಖಾಯಂ. ಇಲ್ಲವಾದರೆ ತಾಯಿಯ ಪಕ್ಕ ಕೂತು ಬೀಡಿ ಕಟ್ಟುವುದು. ಮೂರು ದಿನ ಆಗಲೇ ಕಳೆದಿತ್ತು.

"ಒಮಾನಿನ ಅಜ್ಜಿಯೊಬ್ಬರು ಬಂದಿದ್ದಾರೆ. ಉಮ್ಮು ಸಾಲಿಂ ಅಂತ. ಜೊತೆಗೆ ಮಗ. ಅಜ್ಜಿಗೆ ಹೊಟ್ಟೆನೋವಂತೆ. ಎಲ್ಲಿ ನೋವು ಅಂತ ಅಜ್ಜಿಯನ್ನು ಕೇಳಿದೆ."

"ಹೇಗೆ ಕೇಳಿದೆ? ನನ್ನನ್ನು ಕೇಳು ನೋಡುವ."

ಮಿಸ್ರಿಯಾ ಕಣ್ಣು ಮುಚ್ಚಿದಳು. ಎಳೆಯಬೇಕಾದಲ್ಲಿ ಎಳೆದು, ನಿಲ್ಲಬೇಕಾದಲ್ಲಿ ನಿಂತು, ಮೂಗಿನಿಂದ ಬರಬೇಕಾದದ್ದನ್ನು ಮೂಗಿನಿಂದಲೇ ತಂದು, ಎಲ್ಲಿ ನೋವು ಎಂದು ಅರಬ್ಬಿಯಲ್ಲಿ ಕೇಳಿದಳು. ಗಲಾಟೆ ಮಾಡುತ್ತಿದ್ದ ಮಕ್ಕಳೆಲ್ಲ ಗಪ್‌ಚಿಪ್ಪಾಗಿ ತಲೆ ತಗ್ಗಿಸಿದವು.

"ಅಜ್ಜಿ ಎಂತ ಹೇಳಿದರು?"

"ಎರಡೂ ಕೈ ಎತ್ತಿ ಆಮೀನ್ ಅಂದರು."

ಉಸ್ತಾದರು ನಕ್ಕ ನಗೆಗೆ ತಲೆಯ ಟೊಪ್ಪಿ ಜಾರಿತು.

"ನಗಬೇಡಿ. ನೀವೇ ಕಲಿಸಿದ್ದು!"

"ಅಲ್ಲಾಹನ ಮಾತು ಓದಲು ಕಲಿಸಿದೆ ಮಗಳೇ. ಅಜ್ಜಿಯ ಹೊಟ್ಟೆ ವಿಚಾರಿಸಲು ಕಲಿಸಲಿಲ್ಲ."

"ಹಾಗಾದರೆ ಅದನ್ನೂ ಕಲಿಸಿ."

"ನನ್ನ ಅರಬ್ಬಿಗೆ ನಲವತ್ತು ವರ್ಷದ ತುಕ್ಕು. ನಿನ್ನ ಫೋನಿಗೆ ಬಾಯಿ ಉಂಟು. ಕಿವಿ ಉಂಟಾ?"

"ಉಂಟು. ಬೇರೆಯವರ ಮಾತು ರೆಕಾರ್ಡ್ ಮಾಡಬಹುದು. ನಿಧಾನ ಮಾಡಿ ಕೇಳಬಹುದು."

"ಅಜ್ಜಿಯ ಒಪ್ಪಿಗೆ ಕೇಳಿ ಅದನ್ನು ಅವರ ಮುಂದೆ ಇಡು. ನೋವುಗೀವು ಅಂತ ಕೇಳಬೇಡ. ಸೊಸೆ ಹೇಗಿದ್ದಾಳೆ ಅಂತ ಕೇಳು."

ಮಿಸ್ರಿಯಾ ಬಾಯಿ ಬಿಟ್ಟಳು. "ಉಸ್ತಾದ್! ಪರದೂಷಣೆ ಪಾಪ ಅಂತ ಹೇಳಿದ್ದು ನೀವಲ್ಲವಾ?"

"ಕಷ್ಟ ಹೇಳಿಕೊಳ್ಳುವವರು ಹೇಳಲಿ. ನೀನು ಅದನ್ನು ಹೊಳೆ ದಾಟಿಸಬೇಡ."

ಅವಳು ದಾಟಿಸಲೂ ಇಲ್ಲ. ಆ ಸೊಸೆ ಮಾಡಿದ್ದು ಏನು ಅಂತ ಬೀದಿ ಎಷ್ಟು ಕೆದಕಿದರೂ ಹುಡುಗಿ ತುಟಿ ಬಿಚ್ಚಲಿಲ್ಲ. ದೊಡ್ಡ ಅನ್ಯಾಯ ಅದು.

ಸೊಸೆಯ ವಿಚಾರ ಕೇಳಿದ ಮೊದಲ ದಿನವೇ ಅಜ್ಜಿ ಎರಡು ಗಂಟೆ ಮಾತಾಡಿದರಂತೆ. ಮಿಸ್ರಿಯಾ ಕಟ್ಟೆಯ ಮೇಲೆ ಕೂತು ಅದನ್ನು ನಿಧಾನ ಮಾಡಿ ಕೇಳಿದಳು, ತಿರುಗಿಸಿ ಕೇಳಿದಳು, ಹಾಗೇ ಹೇಳಿ ನೋಡಿದಳು. ಒಂದೇ ದೂರನ್ನು ಇಪ್ಪತ್ತು ಸಲ ಹೇಳಿದರೂ ಫೋನಿಗೆ ಸುಸ್ತಿಲ್ಲ. ಮರುದಿನ ತಾನು ಹೇಳಿದ್ದನ್ನು ಅಜ್ಜಿಗೆ ಕೇಳಿಸಿದಳು. ಅಜ್ಜಿ ನಕ್ಕರು, ತೊಡೆಗೊಂದು ಪೆಟ್ಟು ಕೊಟ್ಟರು, ತಿದ್ದಿದರು. ಆಮೇಲೆ ಹೊಸ ದೂರು.

ಏಳನೆಯ ದಿನ ಬಂದು ಹೇಳಿದಳು, "ಉಸ್ತಾದ್, ಆ್ಯಪ್ ಈಗ ಕೆಂಪು ತೋರಿಸುತ್ತದೆ. ಅಜ್ಜಿಯ ಹಾಗೆ ಹೇಳಿದರೆ ತಪ್ಪಂತೆ."

"ಅಜ್ಜಿ ಎಂತ ತೋರಿಸುತ್ತಾರೆ?"

"ತೋರಿಸುವುದಿಲ್ಲ. ಖರ್ಜೂರ ಕೊಡುತ್ತಾರೆ."

"ತಿನ್ನು."

ಹತ್ತನೆಯ ದಿನ ದೊಡ್ಡ ಡಾಕ್ಟರು ಬಂದರು. ಈ ಹುಡುಗಿ ಇರಬೇಕೋ ಹೋಗಬೇಕೋ ಎಂದು ಅವರೇ ಹೇಳಬೇಕಿತ್ತು. ಹೊಟ್ಟೆಯ ಪರೀಕ್ಷೆಗಳಲ್ಲಿ ಏನೂ ಸಿಕ್ಕಿರಲಿಲ್ಲ. ಅಜ್ಜಿಯನ್ನು ಊರಿಗೆ ಕಳಿಸುವ ಮಾತು ನಡೆದಿತ್ತು. ಮಿಸ್ರಿಯಾ ಬಾಯಿ ತೆರೆಯುವ ಮೊದಲೇ ಅಜ್ಜಿ ಅವಳ ಮಣಿಕಟ್ಟು ಹಿಡಿದು ಬಗ್ಗಿಸಿಕೊಂಡು ಕಿವಿಯಲ್ಲಿ ಏನೋ ಹೇಳಿದರು.

ಮಿಸ್ರಿಯಾ ನೆಟ್ಟಗೆ ನಿಂತಳು. ಅಷ್ಟೆತ್ತರದ ಮಗನನ್ನು ನೋಡಿ, ತಡವರಿಸದೆ, ಸ್ವರ ಎಳೆಯದೆ, ಅರಬ್ಬಿಯಲ್ಲಿ ಅಂದಳು:

"ಅಣ್ಣಾ, ಸ್ವಲ್ಪ ಹೊರಗೆ ನಿಲ್ಲಿ."

ಅವನು ಎದ್ದು ಹೋದ.

ಮುಟ್ಟು ನಿಂತು ಇಪ್ಪತ್ತು ವರ್ಷವಾದ ಮೇಲೆ ಅಜ್ಜಿಗೆ ಎರಡು ತಿಂಗಳಿಂದ ರಕ್ತ ಹೋಗುತ್ತಿತ್ತು. ಮಗನೆದುರು ಹೇಗೆ ಹೇಳುವುದು ಅಂತ ಹೊಟ್ಟೆನೋವು ಅಂದಿದ್ದರು. ಡಾಕ್ಟರು ಅಂದೇ ಬೇರೆ ಪರೀಕ್ಷೆ ಮಾಡಿಸಿದರು. ಗರ್ಭಕೋಶದಲ್ಲಿ ಗಡ್ಡೆ, ಚಿಕ್ಕದು, ತೆಗೆಯಬಹುದು, ಸರಿಯಾದ ಹೊತ್ತಿಗೆ ಗೊತ್ತಾಯಿತು ಎಂದರು. ಹುಡುಗಿ ಇರಲಿ ಎಂದರು.

ಎರಡು ದಿನ ಬಿಟ್ಟು ಮಿಸ್ರಿಯಾ ಸಿಹಿ ಹಿಡಿದುಕೊಂಡು ಮದ್ರಸಕ್ಕೆ ಬಂದಳು. ಪೊಟ್ಟಣ ಬಿಚ್ಚುವ ಮೊದಲೇ ಫೋನು ಸದ್ದು ಮಾಡಿತು. ಆಸ್ಪತ್ರೆಯ ಹಾಸಿಗೆಯಿಂದ ಅಜ್ಜಿ ಕಳಿಸಿದ ಧ್ವನಿ. ಸಣ್ಣದು, ನಾಲ್ಕೇ ಮಾತು.

ಮಿಸ್ರಿಯಾಳ ಮುಖ ಬಾಡಿತು.

"ಎಂತ ಅಂತೆ?"

"ನಾಳೆ ಬೆಳಿಗ್ಗೆ ಆಪರೇಷನ್. 'ಮಗಳೇ, ನಾನು ಉಳಿಯುತ್ತೇನಾ' ಅಂತ ಕೇಳುತ್ತಾರೆ."

ಉಸ್ತಾದರು ಅವಳ ಕೈಯಿಂದ ಪೊಟ್ಟಣ ತೆಗೆದು ಬದಿಗಿಟ್ಟರು.

"ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿ ಆಗಿದೆ. ಆದರೂ ಕೇಳುತ್ತಾರೆ. ಇದಕ್ಕೆ ಅರಬ್ಬಿಯಲ್ಲಿ ಎಂತ ಹೇಳುವುದು ಉಸ್ತಾದ್? ನೀವು ಹೇಳಿಕೊಡಿ, ನಾನು ಹಾಗೇ ಹೇಳುತ್ತೇನೆ."

ಅವಳು ಫೋನನ್ನು ಅವರ ಮುಂದೆ ಹಿಡಿದಳು. ಉಸ್ತಾದರು ಅದನ್ನು ಮೆಲ್ಲಗೆ ಅವಳ ಕಡೆಗೇ ದೂಡಿದರು.

"ನನ್ನನ್ನು ಕೇಳಿದರೆ ಹೇಗೆ ಮಗಳೇ? ಅಜ್ಜಿ ಕೇಳಿದ್ದು ನಿನ್ನನ್ನು."